ನಮ್ಮೂರಿನ ದಾಕ್ಷಿಣ್ಯ, ಪುಣೆಯ ಬೋರ್ಡು

ಹೋದ ಮಳೆಗಾಲದಲ್ಲಿ ಶಿವಮೊಗ್ಗಕ್ಕೆ ಹೋದಾಗ ಅಮ್ಮನ ಮನೆ ಗೇಟಿಗೆ ಅಡ್ಡವಾಗಿ ಒಂದು ಬಿಳಿ ಕಾರು ನಿಂತಿತ್ತು. ವಿನೋಬನಗರದ ನಮ್ಮ ರಸ್ತೆ ಮೊದಲೇ ಸಣ್ಣದು. ಯಾರದಮ್ಮ ಇದು ಅಂದೆ. "ಗೊತ್ತಿಲ್ಲ, ನಾಲ್ಕು ದಿನ ಆಯ್ತು" ಅಂದಳು. ಅಂದರೆ ನಾಲ್ಕು ದಿನದಿಂದ 72 ವರ್ಷದ ಹೆಂಗಸು ಕಾರಿಗೂ ಕಾಂಪೌಂಡಿಗೂ ನಡುವೆ ಸೀರೆ ಒತ್ತಿ ಹಿಡಿದುಕೊಂಡು, ಅಡ್ಡಡ್ಡ ನಡೆದು ಹಾಲು ತರುತ್ತಿದ್ದಾಳೆ. ಕೇಳಬಾರದಾ ಅಂದರೆ, "ಎಂತ ಅಂತ ಕೇಳೂದು ಮಾರಾಯ, ಆಚೆ ಮನೆ ನೆಂಟರದ್ದಿರಬೇಕು. ಮಗಳ ಬಾಣಂತನ ಬೇರೆ. ಹೇಳಿದ್ರೆ ಬೇಜಾರು ಮಾಡ್ಕೋತಾರೆ."

ನಾನು ಪುಣೆಯ ಕೋಥ್ರೂಡಿಗೆ ಬಂದು 14 ವರ್ಷ ಆಯಿತು. ಅಲ್ಲಿ ಈ ಕಾರು ನಾಲ್ಕು ಗಂಟೆಯೂ ನಿಲ್ಲುತ್ತಿರಲಿಲ್ಲ. ಪುಣೇರಿ ಪಾಟಿ ಅಂತ ಒಂದಿದೆ, ಕೇಳಿರಬಹುದು. ಮನೆ ಗೇಟಿಗೆ, ಅಂಗಡಿ ಗೋಡೆಗೆ, ಲಿಫ್ಟಿನ ಬಾಗಿಲಿಗೆ ಬರೆದು ತೂಗುಹಾಕುವ ಬೋರ್ಡು. ಸದಾಶಿವ ಪೇಟೆಯ ಹಳೇ ಗಲ್ಲಿಗಳಲ್ಲಿ ಹೆಜ್ಜೆಗೊಂದು ಸಿಗುತ್ತದೆ. ಬೆಲ್ ಒಂದೇ ಸಲ ಒತ್ತಿ, ಒಳಗಿರುವವರು ಕಿವುಡರಲ್ಲ. ಇಲ್ಲಿ ಗಾಡಿ ನಿಲ್ಲಿಸಿದರೆ ಗಾಳಿ ಬಿಡುತ್ತೇವೆ, ಆಮೇಲೆ ಪಂಪ್ ಕೇಳಿಕೊಂಡು ಬರಬೇಡಿ. ಹೀಗೆ. ಅದರಲ್ಲಿ ತಮಾಷೆಯೂ ಇದೆ, ಆದರೆ ಗಾಳಿ ಬಿಡುವುದು ಮಾತ್ರ ನಿಜ.

ಮೊದಮೊದಲು ನನಗೆ ಈ ಊರು ಸಿಟ್ಟು ತರಿಸುತ್ತಿತ್ತು. ಮಧ್ಯಾಹ್ನ 1ರಿಂದ 4ರವರೆಗೆ ಅಂಗಡಿ ಮುಚ್ಚುವುದು ಇಲ್ಲಿನ ಹಳೇ ಅಂಗಡಿಗಳ ಪದ್ಧತಿ. ಒಮ್ಮೆ ಒಂದಕ್ಕೆ ಎರಡು ನಿಮಿಷ ಇರುವಾಗ ಬಾಕರವಡಿ ಅನ್ನುವ ಖಾರದ ತಿಂಡಿ ತರಲು ಹೋಗಿದ್ದೆ. ಆ ಮನುಷ್ಯ ನನ್ನ ಮುಖ ನೋಡುತ್ತಲೇ ಶಟರ್ ಎಳೆದ. ನಾನು ಬೆಳೆದದ್ದು ಗಾಂಧಿ ಬಜಾರಿನಲ್ಲಿ, ಊಟಕ್ಕೆ ಕೂತ ಅಂಗಡಿಯವರು ಎಡಗೈಯಲ್ಲೇ ಸಾಮಾನು ತೋರಿಸಿ "ಬನ್ನಿ ಬನ್ನಿ, ಎಂತ ಬೇಕಿತ್ತು" ಅನ್ನುವುದನ್ನು ನೋಡಿಕೊಂಡು. ಆ ಶಟರಿನ ಸದ್ದು ತಿಂಗಳುಗಟ್ಟಲೆ ತಲೆಯಲ್ಲಿತ್ತು.

ಆಮೇಲೆ ರೂಢಿಯಾಯಿತು. ರೂಢಿ ಏನು, ಇಷ್ಟವೇ ಆಯಿತು. ಪುಣೆಯ ಪ್ಲಂಬರ್ ಬರಲ್ಲ ಅಂದರೆ ಬರಲ್ಲ. ನಾನು ಇನ್ನೊಬ್ಬನನ್ನು ಹುಡುಕುತ್ತೇನೆ, ಅಲ್ಲಿಗೆ ಮುಗಿಯಿತು. ಶಿವಮೊಗ್ಗದಲ್ಲಿ ಅಮ್ಮನ ಸಿಂಟೆಕ್ಸ್ ಟ್ಯಾಂಕ್ ಸೋರಿದಾಗ ಬಂದವನು "ನಾಳೆ ಬೆಳಿಗ್ಗೆ ಬಂದ್ಬಿಡ್ತೀನಿ ಸಾರ್" ಅಂದ. ಮೂರು ನಾಳೆ ಹೋದವು. ಅವನು ಸುಳ್ಳುಗಾರ ಅಲ್ಲ ಪಾಪ, ನನ್ನ ಮುಖ ನೋಡಿ ಆಗಲ್ಲ ಅನ್ನಲು ಅವನಿಗೆ ಬಾಯಿ ಬರಲಿಲ್ಲ ಅಷ್ಟೇ. ನಾಲ್ಕನೇ ದಿನ ದುರ್ಗಿಗುಡಿಯಲ್ಲಿ ನನ್ನನ್ನು ನೋಡಿದವನೇ ಬೈಕ್ ತಿರುಗಿಸಿಕೊಂಡು ಬೇರೆ ರಸ್ತೆಗೆ ಹೋದ.

ಊರಿಗೆ ಹೋದಾಗಲೆಲ್ಲ ನಾನು ಅಲ್ಲೇ ಉಳಿದವರನ್ನು ಒಂದು ಪ್ರಶ್ನೆ ಕೇಳುತ್ತೇನೆ. ಇಲ್ಲಿ ನಿಮಗೆ ಇಷ್ಟ ಯಾವುದು, ಕಷ್ಟ ಯಾವುದು ಅಂತ. ಜೋಗ ಅಂತ ಇದುವರೆಗೆ ಒಬ್ಬರೂ ಹೇಳಿಲ್ಲ. ಜೋಗ ಇರುವುದು ಸುಮಾರು 100 ಕಿ.ಮೀ. ದೂರದಲ್ಲಿ, ಅಲ್ಲಿಗೆ ಹೋಗುವುದು ನೆಂಟರು ಬಂದಾಗ. ಸಕ್ರೆಬೈಲಿನ ಆನೆ ಬಿಡಾರವೂ ಅಷ್ಟೇ. ಮಳೆ, ಹಸಿರು, ಮಂಜು ಅಂತ ಬರೆಯುವವರು ನಾವು ಹೊರಗಿನವರು. ಅಲ್ಲಿರುವವರಿಗೆ ಜುಲೈ ಅಂದರೆ ಒಣಗದ ಬಟ್ಟೆ, ಬೂಷ್ಟು ಹಿಡಿದ ಚಪ್ಪಲಿ. ಚಿಕ್ಕಪ್ಪನ ಮಗ ಬೆಂಗಳೂರು ಬಿಟ್ಟು ಬಂದವನು. ಅವನು ಹೇಳಿದ್ದು, "ಎಲ್ಲಿಗೆ ಬೇಕಾದ್ರೂ ಹದಿನೈದು ನಿಮಿಷ. ಮಧ್ಯಾಹ್ನ ಮನೇಲೇ ಊಟ. ಇನ್ನೆಂತ ಬೇಕು?" ಕಷ್ಟ ಕೇಳಿದರೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಮಕ್ಕಳು ಓದಿ ಮುಗಿಸಿದ ಮೇಲೆ ಇಲ್ಲಿ ಏನು ಮಾಡಬೇಕು ಅಂದ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ನಾನೇ ಓಡಿ ಹೋದವನು. ಅತ್ತಿಗೆ ಬೇರೆಯೇ ಹೇಳಿದರು. ಗಣಪತಿ ಮೆರವಣಿಗೆಯ ಹಿಂದಿನ ದಿನ ಎರಡು ಪ್ಯಾಕೆಟ್ ಹಾಲು ಜಾಸ್ತಿ ತಂದಿಡುತ್ತಾರಂತೆ, ಏನಾದರೂ ಆಗಿ ಅಂಗಡಿ ಮುಚ್ಚಿಸಿದರೆ ಅಂತ. ಪುಣೆಯಲ್ಲಿ ಆ ಮೆರವಣಿಗೆ 24 ಗಂಟೆ ದಾಟಿಯೂ ನಡೆಯುತ್ತದೆ, ಕಿವಿಗೆ ಹತ್ತಿ ಇಟ್ಟುಕೊಂಡರೆ ಸಾಕು. ಹಾಲಿನ ಲೆಕ್ಕ ಹಾಕಬೇಕಾಗಿಲ್ಲ.

ನನಗೆ ಆ ಊರಲ್ಲಿ ಇಷ್ಟವಾಗುವುದೂ ತಲೆ ಕೆಡಿಸುವುದೂ ಒಂದೇ. ಅದು ದಾಕ್ಷಿಣ್ಯ.

ಇಷ್ಟ ಯಾಕೆ ಅಂತ ಮೊದಲು ಹೇಳುತ್ತೇನೆ. ಎರಡು ವರ್ಷದ ಹಿಂದೆ ರಾತ್ರಿ ಎರಡು ಗಂಟೆಗೆ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದಳು. ಆಚೆ ಮನೆಯವರಿಗೆ ಅದು ಕೇಳಿಸಿದೆ. ನನಗೆ ಫೋನ್ ಬಂದದ್ದು ಬೆಳಿಗ್ಗೆ ಆರಕ್ಕೆ. ಅಷ್ಟರಲ್ಲಿ ಆಸ್ಪತ್ರೆ, ಎಕ್ಸ್‌ರೇ, ದುಡ್ಡು ಎಲ್ಲ ಮುಗಿದಿತ್ತು. "ನಿಮ್ಮನ್ನ ಯಾಕೆ ಸುಮ್ನೆ ಗಾಬರಿ ಮಾಡೂದು ಅಂತ ರಾತ್ರಿ ಹೇಳಲಿಲ್ಲ" ಅಂದರು. ಕೊಲ್ಲಾಪುರ, ಬೆಳಗಾವಿ, ಹುಬ್ಬಳ್ಳಿ ದಾಟಿ ನಾನು ಮನೆ ಮುಟ್ಟುವ ಹೊತ್ತಿಗೆ ಅವರ ಮನೆಯ ಗಂಜಿ ಕುಡಿದು ಅಮ್ಮ ಮಲಗಿದ್ದಳು. ಹೌದು, ಬಾಣಂತನದ ಮನೆಯವರೇ. ಅವರಿಗೆ ಕಾರು ತೆಗೆಯಿರಿ ಅಂತ ಹೇಳುವುದು ಹೇಗೆ ಹೇಳಿ.

ಅಡಿಕೆ ವ್ಯಾಪಾರದಲ್ಲೂ ನೋಡಿ. ತೀರ್ಥಹಳ್ಳಿ ಕಡೆ ಅಕ್ಕನ ತೋಟ ಇದೆ. ಕೊಳೆ ರೋಗ ಬಂದು ಕಾಯಿ ಉದುರಿದ ವರ್ಷ, ಅಡಿಕೆ ಕೊಳ್ಳುವ ಮಂಡಿಯವರು ಭಾವನ ಮುಖ ನೋಡಿಯೇ ಮುಂಗಡ ಕೊಟ್ಟಿದ್ದರು. ಮುಂದಿನ ವರ್ಷ ಪಕ್ಕದ ಮಂಡಿಯಲ್ಲಿ ರಾಶಿ ಅಡಿಕೆಗೆ ಸ್ವಲ್ಪ ಜಾಸ್ತಿ ದರ ಇದ್ದರೂ ಭಾವ ಅಲ್ಲಿಗೆ ಹೋಗಲಿಲ್ಲ. ಲಾಭವೋ ನಷ್ಟವೋ ನೀವೇ ಲೆಕ್ಕ ಹಾಕಿ. ಭಾವ ಹಾಕಿಲ್ಲ.

ಇನ್ನು ತಲೆ ಕೆಡಿಸುವ ಭಾಗ. ತುಂಗಾ ಪಾನ, ಗಂಗಾ ಸ್ನಾನ ಅಂತ ಎದೆ ಉಬ್ಬಿಸುವವರು ನಾವು. ಗಾಜನೂರಿನಿಂದ ಒಳ್ಳೆಯ ಹೊಳೆಯಾಗಿ ಬರುವ ತುಂಗೆಗೆ ಊರಿನ ಒಳಗೆ ಚರಂಡಿ ನೀರು ಸೇರುತ್ತದೆ, ಹಾಗೇ ಕೂಡ್ಲಿಗೆ ಹೋಗಿ ಭದ್ರೆಯನ್ನು ಸೇರುತ್ತದೆ. ಇದು ಎಲ್ಲರಿಗೂ ಗೊತ್ತು. 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಊರಿನ ಹೆಸರು ಬಂತು, ವರ್ಷಗಟ್ಟಲೆ ರಸ್ತೆ ಅಗೆದರು, ಫುಟ್‌ಪಾತ್ ಆಯಿತು, ಹೊಳೆ ದಂಡೆಯಲ್ಲಿ ಪಾರ್ಕ್ ಆಯಿತು. ಚೆನ್ನಾಗಿಯೇ ಇದೆ, ಸಂಜೆ ಹೋಗಿ ಕೂತಿದ್ದೇನೆ. ಆದರೆ ನಮ್ಮ ರಸ್ತೆಯಲ್ಲಿ ಒಬ್ಬರು ಮಳೆನೀರಿನ ಚರಂಡಿಗೆ ಬಚ್ಚಲಿನ ಪೈಪು ಬಿಟ್ಟಿದ್ದಾರೆ. ಇಡೀ ರಸ್ತೆಗೆ ವಾಸನೆ. ಒಬ್ಬರೂ ಹೇಳಿಲ್ಲ. ಅವರು ಮೇಷ್ಟ್ರಾಗಿದ್ದವರು, ರಸ್ತೆಯ ಅರ್ಧ ಮಕ್ಕಳಿಗೆ ಪಾಠ ಹೇಳಿದವರು. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರಲು ತಾವಿಲ್ಲ ಅಂತ ಅಜ್ಜಿ ಹೇಳುತ್ತಿದ್ದಳು. ಅಜ್ಜಿಯೂ ಯಾರಿಗೂ ಏನೂ ಹೇಳಿದವಳಲ್ಲ ಬಿಡಿ.

ಮಲೆನಾಡಿನವರು ಬಾಯಿಲ್ಲದವರು ಅಂತ ಯಾರಾದರೂ ಅಂದರೆ ಮಾತ್ರ ನನಗೆ ಮೈ ಉರಿಯುತ್ತದೆ. 1942ರ ಸ್ವಾತಂತ್ರ್ಯ ಹೋರಾಟದಲ್ಲಿ ಏಸೂರು ಕೊಟ್ಟರೂ ಈಸೂರು ಕೊಡೆವು ಅಂದವರು ಶಿಕಾರಿಪುರದ ಕಡೆಯವರು. 1951ರಲ್ಲಿ ಸಾಗರದ ಕಡೆಯ ಕಾಗೋಡಿನ ಗೇಣಿದಾರರು ಭತ್ತ ಅಳೆಯುವ ಕೊಳಗದ ಗಾತ್ರದ ವಿಷಯಕ್ಕೆ ಭೂಮಾಲೀಕರಿಗೆ ತಿರುಗಿ ನಿಂತರು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಕಡಿದಾಳ್ ಮಂಜಪ್ಪನವರಿಂದ ಯಡಿಯೂರಪ್ಪನವರವರೆಗೆ ಮುಖ್ಯಮಂತ್ರಿಗಳನ್ನು ಕೊಟ್ಟ ಜಿಲ್ಲೆ ಇದು. 2024ರ ನವೆಂಬರ್‌ನಲ್ಲಿ ತುಂಗಭದ್ರೆ ಸ್ವಚ್ಛವಾಗಲಿ ಅಂತ ಶೃಂಗೇರಿಯಿಂದ ಪಾದಯಾತ್ರೆಯೂ ಹೊರಟಿತು. ಸರ್ಕಾರವನ್ನು ಕೇಳುವುದಕ್ಕೆ ನಮಗೆ ಯಾವ ಸಂಕೋಚವೂ ಇಲ್ಲ. ಪಕ್ಕದ ಮನೆ ಪೈಪಿನ ವಿಷಯಕ್ಕೆ ಬಂದರೆ ಗಂಟಲು ಕಟ್ಟುತ್ತದೆ.

ಪುಣೆಯಲ್ಲಿ ಇದು ಉಲ್ಟಾ ಅನ್ನಿಸುತ್ತದೆ. ನಮ್ಮ ಸೊಸೈಟಿ ಮೀಟಿಂಗಿಗೆ ಒಮ್ಮೆ ಬರಬೇಕು ನೀವು. ಮೂರನೇ ಮಹಡಿಯ ಕಾಕು, ಅಂದರೆ ಚಿಕ್ಕಮ್ಮ ಅಂತ ನಾವೆಲ್ಲ ಕರೆಯುವವರು, ಎದ್ದು ನಿಂತು, ನಿಮ್ಮ ಬಾಲ್ಕನಿ ಗಿಡದ ನೀರು ನನ್ನ ಹಪ್ಪಳದ ಮೇಲೆ ಬೀಳುತ್ತಿದೆ, ನಾಳೆಯಿಂದ ಬೀಳಬಾರದು ಅಂತ ಎಲ್ಲರೆದುರು ನನಗೆ ಹೇಳಿದರು. ಮೀಟಿಂಗ್ ಮುಗಿದ ಮೇಲೆ ಅವರೇ ಕರೆದು ಚಹಾ ಕೊಟ್ಟರು. ನಾನು ಒಂದು ವಾರ ಮುಖ ಕೊಟ್ಟು ಮಾತಾಡಲಿಲ್ಲ, ಅವರಿಗೆ ಅದು ಗೊತ್ತೇ ಆಗಲಿಲ್ಲ. ಹಾಗಂತ ಪುಣೆಯ ಮುಠಾ ನದಿ ಏನು ಕನ್ನಡಿಯ ಹಾಗೆ ಹರಿಯುತ್ತಿಲ್ಲ. ಸೇತುವೆ ದಾಟುವಾಗ ಇಲ್ಲೂ ಮೂಗು ಮುಚ್ಚಬೇಕು. ಎದುರಿಗೆ ಆಡಿದ ಮಾತ್ರಕ್ಕೆ ಊರು ಸರಿಹೋಗುತ್ತದೆ ಅಂತ ನಾನು ಹೇಳುತ್ತಿಲ್ಲ. ಹಪ್ಪಳ ಮಾತ್ರ ಒಣಗುತ್ತದೆ.

ಇದಕ್ಕೆ ಕಾರಣ ಊರಿನ ಗಾತ್ರವೂ ಇರಬಹುದು. 2011ರ ಜನಗಣತಿಯಲ್ಲಿ ಶಿವಮೊಗ್ಗ ನಗರದಲ್ಲಿ 3.22 ಲಕ್ಷ ಜನ, ಪುಣೆ ಪಾಲಿಕೆಯಲ್ಲಿ 31 ಲಕ್ಷ. ಗೋಪಿ ಸರ್ಕಲ್‌ನಿಂದ ನೆಹರೂ ರಸ್ತೆಗೆ ಹೋಗುವಷ್ಟರಲ್ಲಿ ನನಗೆ ಇಬ್ಬರಾದರೂ "ಯಾವಾಗ ಬಂದ್ರಿ?" ಅನ್ನುತ್ತಾರೆ. ಇವತ್ತು ಜಗಳ ಆಡಿದವನು ನಾಳೆ ಮದುವೆ ಮನೆಯಲ್ಲಿ ಪಕ್ಕದ ಎಲೆಯಲ್ಲಿ ಕೂತಿರುತ್ತಾನೆ. ಈಗ ಊರು ಬೆಳೆಯುತ್ತಿದೆ, ಊರ ಹತ್ತಿರದ ಸೋಗಾನೆಗೆ 2023ರಲ್ಲಿ ವಿಮಾನವೂ ಬಂತು, ಸುತ್ತ ಗದ್ದೆಗಳೆಲ್ಲ ಸೈಟಾಗುತ್ತಿವೆ. ಆ ಬಡಾವಣೆಗಳಿಗೆ ಹೊಸದಾಗಿ ಬಂದವರಿಗೆ ಮದುವೆ ಮನೆಯ ಎಲೆಯೂ ಇಲ್ಲ, ಬೋರ್ಡು ಬರೆಯುವ ಧೈರ್ಯವೂ ಇಲ್ಲ. ಅವರಿಗೆ ರಾತ್ರಿ ಎರಡಕ್ಕೆ ಯಾರು ಬರುತ್ತಾರೋ.

ಕಾರಿನ ಕಥೆ ಹೇಳಿಬಿಡುತ್ತೇನೆ. ನಾನು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ "ಗೇಟಿನ ಮುಂದೆ ಗಾಡಿ ನಿಲ್ಲಿಸಬೇಡಿ" ಅಂತ ಬರೆದು ಕಟ್ಟಿದೆ. ಗಾಳಿ ಬಿಡುವ ಮಾತು ಸೇರಿಸಲು ಧೈರ್ಯ ಬರಲಿಲ್ಲ. ಬೆಳಿಗ್ಗೆ ನೋಡಿದರೆ ಬೋರ್ಡಿಲ್ಲ. ಅಮ್ಮ ಅದನ್ನು ಬಿಚ್ಚಿ ಬಚ್ಚಲ ಒಲೆಯ ಸೌದೆ ಮೇಲೆ ಮುಚ್ಚಿದ್ದಳು. "ಎರಚಲು ಬೀಳ್ತಿತ್ತು" ಅಂದಳು. ಕಾರು ಆರನೇ ದಿನ ತಾನಾಗೇ ಹೋಯಿತು.

ಸಿಟ್ಟು ಬಂದು, ಚರಂಡಿಯ ಬಗ್ಗೆಯಾದರೂ ದೂರು ಕೊಟ್ಟೇ ಹೋಗುತ್ತೇನೆ ಅಂತ ಅರ್ಜಿ ಬರೆದುಕೊಂಡು ಸಂಬಂಧಪಟ್ಟ ಕಚೇರಿಗೆ ಹೋದೆ. ಪುಣೆಯವನ ಹಾಗೆ ನೇರ ಮಾತಾಡಬೇಕು ಅಂತ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿಕೊಂಡೆ. ಮೇಜಿನ ಆಚೆ ಕೂತವರು ತಲೆ ಎತ್ತಿದರು. ಅಪ್ಪನ ಜೊತೆ ಸಂಜೆ ವಾಕಿಂಗ್ ಹೋಗುತ್ತಿದ್ದವರ ಮಗ. "ಓಹೋ, ಪುಣೆಯಿಂದ ಯಾವಾಗ ಬಂದ್ರಿ? ಅಮ್ಮ ಆರಾಮಿದ್ದಾರಾ? ಮೇಷ್ಟ್ರು ನಿಮ್ಮ ರಸ್ತೇಲೇ ಅಲ್ವಾ ಇರೂದು, ನನಗೂ ಅವರೇ ಮೇಷ್ಟ್ರು" ಅಂದರು. ಕಾಫಿ ತರಿಸಿದರು. ಅಡಿಕೆ ರೇಟು, ಎಲೆಚುಕ್ಕಿ ರೋಗ, ಮಕ್ಕಳ ಓದು ಎಲ್ಲ ಆಯಿತು. ಏನೋ ಕೆಲಸ ಇತ್ತೇನು ಅಂತ ಅವರೇ ಕೇಳಿದರು. ಇಲ್ಲ, ಸುಮ್ನೆ ಈ ಕಡೆ ಬಂದಿದ್ದೆ ಅಂದೆ.

ಅರ್ಜಿ ಇನ್ನೂ ನನ್ನ ಬ್ಯಾಗಿನಲ್ಲಿದೆ, ಕೋಥ್ರೂಡಿನಲ್ಲಿ.