ಕೂತು ಉಣ್ಣುವವನ ಕುಡಿಕೆ

ಅಮೆರಿಕದ ಲೂಸಿಯಾನಾ ರಾಜ್ಯದ ಗವರ್ನರ್ ಜೆಫ್ ಲ್ಯಾಂಡ್ರಿ ಸಿಟ್ಟಾಗಿದ್ದನ್ನು ನೀವೂ ನೋಡಿರುತ್ತೀರಿ. 2025ರ ಅಕ್ಟೋಬರ್‌ನಲ್ಲಿ ಅಲ್ಲಿನ ಎಲ್‌ಎಸ್‌ಯು ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡ ತನ್ನದೇ ಮೈದಾನದಲ್ಲಿ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಕೈಲಿ 49-25ರ ಏಟು ತಿಂದಿತು. ಮಾರನೇ ದಿನವೇ ಕೋಚ್ ಬ್ರಯನ್ ಕೆಲಿಗೆ ಗೇಟ್‌ಪಾಸ್. ಲೆಕ್ಕ ತೆಗೆದರೆ, ಕಾಂಟ್ರಾಕ್ಟ್ ಮುಗಿಯೋ ಮುಂಚೆ ಕಳಿಸಿದ್ದಕ್ಕೆ ಗೇಟು ದಾಟಿದವರಿಗೆ ಕೊಡಬೇಕಾದ್ದು ಸುಮಾರು 5 ಕೋಟಿ 40 ಲಕ್ಷ ಡಾಲರ್! ಮುಂದಿನ ಕೋಚನ್ನು ಕ್ರೀಡಾ ನಿರ್ದೇಶಕ ಸ್ಕಾಟ್ ವುಡ್‌ವರ್ಡ್ ಆರಿಸೋದು ಬೇಡ, ಅದಕ್ಕಿಂತ ಟ್ರಂಪ್ ಕೈಲಿ ಆರಿಸಿದರೇ ವಾಸಿ ಅಂತ ಗವರ್ನರ್ ಗುಡುಗಿದರು. ಅಲ್ಲಿಗೆ ವುಡ್‌ವರ್ಡ್ ಕೂಡ ಮನೆಗೆ.

ಪಾಪ, ವುಡ್‌ವರ್ಡ್ ಕೈಗುಣವೇ ಅಂಥದ್ದು. 2017ರಲ್ಲಿ ಅದೇ ಎ ಅಂಡ್ ಎಂನಲ್ಲಿ ಕೂತು ಜಿಂಬೊ ಫಿಶರ್ ಎಂಬ ಕೋಚ್‌ಗೆ 10 ವರ್ಷಕ್ಕೆ 7 ಕೋಟಿ 50 ಲಕ್ಷ ಡಾಲರ್ ಬರೆದುಕೊಟ್ಟವರೂ ಇವರೇ.

ಕೆಲಿಯದು ಬಿಡಿ, ಈ ವಿದ್ಯೆಯಲ್ಲಿ ನನ್ನ ಗುರು ಫಿಶರ್. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಅಂತ ನಮ್ಮಜ್ಜಿ ಹೇಳುತ್ತಿದ್ದರು. ಅಜ್ಜಿಗೆ ಟೆಕ್ಸಾಸ್ ಗೊತ್ತಿರಲಿಲ್ಲ.

ಫಿಶರ್ ಬಂದ ಹೊಸತು. 2018ರಲ್ಲಿ ಎ ಅಂಡ್ ಎಂ ವಿಶ್ವವಿದ್ಯಾಲಯಗಳ ಚಾನ್ಸೆಲರ್ ಜಾನ್ ಶಾರ್ಪ್, ಫಿಶರ್ ಕೈಗೆ ಒಂದು ಫಲಕ ಕೊಟ್ಟರು. 'ರಾಷ್ಟ್ರೀಯ ಚಾಂಪಿಯನ್' ಅಂತ ಅದರಲ್ಲಿ ಕೆತ್ತಿಸಿಯೇ ಆಗಿತ್ತು. ಇಸವಿಯ ಜಾಗದಲ್ಲಿ ಮಾತ್ರ 20, ಮುಂದೆ ಎರಡು ಅಂಕಿಗೆ ಖಾಲಿ ಜಾಗ. ಗೆದ್ದ ವರ್ಷ ತುಂಬಿಸಿಕೊಳ್ಳಿ ಅಂತ. ಈ ತಂಡ ಕೊನೆಯ ಸಲ ರಾಷ್ಟ್ರೀಯ ಚಾಂಪಿಯನ್ ಆಗಿದ್ದು 1939ರಲ್ಲಿ. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸೋದು ನಮಗೂ ಗೊತ್ತು. ಆದರೆ ಕುಲಾವಿ ಮೇಲೆ ಕೂಸಿನ ರ‍್ಯಾಂಕನ್ನೂ ಕಸೂತಿ ಹಾಕಿಸಿದ್ದು ಇವರೇ ಮೊದಲು.

2020ರಲ್ಲಿ ತಂಡ ಚೆನ್ನಾಗಿ ಆಡಿತು, ಒಂದೇ ಸೋಲು. ಸರಿ, 2021ರಲ್ಲಿ ಕಾಂಟ್ರಾಕ್ಟನ್ನು 2031ರವರೆಗೆ ಎಳೆದರು. ವರ್ಷಕ್ಕೆ 90 ಲಕ್ಷ ಡಾಲರ್‌ಗೂ ಜಾಸ್ತಿ, ಪೂರ್ತಿ ಗ್ಯಾರಂಟಿ. ಮಧ್ಯದಲ್ಲಿ ಕಳಿಸಿದರೆ ಉಳಿದದ್ದೂ ಕೊಡಬೇಕು. ಅವರು ಬೇರೆ ಕಡೆ ಕೆಲಸ ಹಿಡಿದರೂ ಒಂದು ಪೈಸೆ ಕಡಿತ ಇಲ್ಲ.

ಆ ಕ್ಯಾಂಪಸ್ಸಿನಲ್ಲಿ ರೆವೆಲಿ ಅಂತ ಒಂದು ನಾಯಿ ಇದೆ. ಕಾಲಿ ಜಾತಿಯದು. ಅಲ್ಲಿನ ಕೆಡೆಟ್ ಪಡೆಯಲ್ಲಿ ಎಲ್ಲರಿಗಿಂತ ಮೇಲಿನ ಹುದ್ದೆ ಆಕೆಗೆ. ಕ್ಲಾಸಿನಲ್ಲಿ ಆಕೆ ಬೊಗಳಿದರೆ ಮೇಷ್ಟ್ರು ಕೊರೆಯುತ್ತಿದ್ದಾರೆ ಅಂತ ಅರ್ಥ, ಪಾಠ ಬಿಟ್ಟುಬಿಡಬೇಕು ಅನ್ನೋದು ಸಂಪ್ರದಾಯ. ಎಂಥಾ ಒಳ್ಳೆ ವ್ಯವಸ್ಥೆ! ನಮ್ಮ ಸಾಹಿತ್ಯ ಗೋಷ್ಠಿಗಳಿಗೆ ಇಂಥದ್ದೊಂದು ಜೀವ ಬೇಕಿತ್ತು. ಆ ಕಾಂಟ್ರಾಕ್ಟ್ ಓದಿ ಹೇಳುವಾಗ ಮಾತ್ರ ಆಕೆಯನ್ನು ಯಾರೂ ಮೀಟಿಂಗಿಗೆ ಕರೆದಂತಿಲ್ಲ.

ಆಮೇಲೆ 2022. ಸಣ್ಣ ತಂಡಗಳಿಗೆ ದುಡ್ಡು ಕೊಟ್ಟು, ಬನ್ನಿ, ನಮ್ಮೂರಲ್ಲಿ ಸೋತು ಹೋಗಿ ಅಂತ ಕರೆಸೋದು ಅಲ್ಲಿನ ಪದ್ಧತಿ. ಹಾಗೆ 15 ಲಕ್ಷ ಡಾಲರ್ ಕೊಟ್ಟು ಅಪ್ಪಲೇಚಿಯನ್ ಸ್ಟೇಟ್ ತಂಡವನ್ನು ಕರೆಸಿದರು. ಅವರು ದುಡ್ಡೂ ತಗೊಂಡರು, 17-14ರಿಂದ ಗೆದ್ದೂ ಹೋದರು. ಆ ವರ್ಷ 5 ಗೆಲುವು, 7 ಸೋಲು.

2023ರ ಸೀಸನ್ ಇನ್ನೂ ಸೊಗಸು. ಮಯಾಮಿ, ಅಲಬಾಮಾ, ಟೆನೆಸ್ಸಿ, ಓಲ್ ಮಿಸ್ ಎದುರು ಸೋಲು. ನವೆಂಬರ್ 11ಕ್ಕೆ ಮಿಸಿಸಿಪ್ಪಿ ಸ್ಟೇಟ್ ತಂಡವನ್ನು 51-10ರಿಂದ ಬಡಿದು ಹಾಕಿದರು. ಸೋತಾಗೆಲ್ಲ ಸಹಿಸಿಕೊಂಡವರು ಗೆದ್ದ ಮಾರನೇ ದಿನ ಕೋಚನ್ನು ತೆಗೆದರು. ಬಾಕಿ ಸುಮಾರು 7 ಕೋಟಿ 60 ಲಕ್ಷ ಡಾಲರ್. ನಮ್ಮ ಲೆಕ್ಕದಲ್ಲಿ 600 ಕೋಟಿ ರೂಪಾಯಿಗೂ ಮೇಲೆ. ಮೊದಲ 60 ದಿನದಲ್ಲಿ 1 ಕೋಟಿ 92 ಲಕ್ಷ ಡಾಲರ್, ಆಮೇಲೆ 2031ರವರೆಗೆ ವರ್ಷಕ್ಕೆ 72 ಲಕ್ಷ. ಅಂದರೆ ದಿನಕ್ಕೆ 19,700 ಡಾಲರ್, ಭಾನುವಾರವೂ ಸೇರಿ. ಟೆಕ್ಸಾಸ್ ಗವರ್ನರ್ ಸಂಬಳ ವರ್ಷಕ್ಕೆ 1,53,750 ಡಾಲರ್. ಒಬ್ಬ ಜಿಂಬೊ ಸುಮ್ನೆ ಮನೇಲಿರೋ ಖರ್ಚಿನಲ್ಲಿ 46 ಗವರ್ನರ್‌ಗಳನ್ನು ಸಾಕಬಹುದು. ಅಷ್ಟು ಗವರ್ನರ್‌ಗಳು ಯಾಕೆ ಬೇಕು, ಅದು ಬೇರೆ ಮಾತು.

ನಾನೂ ಒಮ್ಮೆ ಕೆಲಸ ಬಿಟ್ಟವನೇ. ಮೂರು ತಿಂಗಳು ನೋಟಿಸ್ ಸವೆಸಿದೆ. ಕೊನೇ ದಿನ ಎಚ್‌ಆರ್ ಹುಡುಗಿ ನಗುನಗುತ್ತಲೇ, 'ಸರ್, ಐಡಿ ಕಾರ್ಡಿನ ದಾರ ಎಲ್ಲಿ?' ಅಂದಳು. ಕಳೆದುಹೋಗಿತ್ತು. 200 ರೂಪಾಯಿ ಮುರಿದುಕೊಂಡರು. ರಿಲೀವಿಂಗ್ ಲೆಟರ್‌ಗೆ ಮತ್ತೆ ಎರಡು ತಿಂಗಳು ಅಲೆದೆ. ನಾನು ಒಂದು ಪಂದ್ಯವನ್ನೂ ಸೋತಿರಲಿಲ್ಲ!

ತಮಾಷೆ ಸಾಕು ಅನ್ನಿಸುವುದು ಆಡುವ ಹುಡುಗರನ್ನು ನೆನೆದಾಗ. ಇದೇ ಕಾಲೇಜಿನ ಜಾನಿ ಮ್ಯಾನ್ಜೆಲ್ 2012ರಲ್ಲಿ, ವರ್ಷದ ಶ್ರೇಷ್ಠ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿ ಗೆದ್ದವನು. ಮರುವರ್ಷ, ಆಟೋಗ್ರಾಫ್ ಹಾಕಿ ದುಡ್ಡು ತಗೊಂಡ ಅಂತ ಅವನ ಮೇಲೆ ಅನುಮಾನ. ತಗೊಂಡಿದ್ದಕ್ಕೆ ಸಾಕ್ಷಿ ಸಿಗಲಿಲ್ಲ. ಆದರೂ ಅರ್ಧ ಪಂದ್ಯ ಹೊರಗೆ ಕೂರಿಸಿದರು. 80 ಸಾವಿರಕ್ಕೂ ಮೇಲೆ ಜನ ಟಿಕೆಟ್ ಕೊಂಡು ನೋಡಲು ಬರೋದು ಅವನನ್ನು. ಅವನ ಸಹಿ ಅವನದಲ್ಲ. ಯಾಕೆ ಅಂದರೆ ಅವನು ವಿದ್ಯಾರ್ಥಿ, ಹವ್ಯಾಸಿ. 2021ರ ಜುಲೈವರೆಗೂ ಇದೇ ಕಾನೂನು. ಈಗ ಕಾಲೇಜು ನೇರವಾಗಿ ದುಡ್ಡು ಕೊಡಬಹುದು, ಅದಕ್ಕೂ ಮಿತಿ ಇದೆ. 2025-26ಕ್ಕೆ ಎಲ್ಲಾ ಆಟದ ಎಲ್ಲಾ ಹುಡುಗ ಹುಡುಗಿಯರಿಗೂ ಸೇರಿ 2 ಕೋಟಿ 5 ಲಕ್ಷ ಡಾಲರ್. ಮನೆಗೆ ಹೋದ ಕೋಚ್‌ಗೆ ಮಿತಿ ಇಲ್ಲ. ತಲೆಗೆ ತಲೆ ಡಿಕ್ಕಿ ಹೊಡೆಸಿಕೊಂಡು, ಮಂಡಿ ಮುರಿದುಕೊಂಡು ಆಡೋದು 20 ವರ್ಷದ ಮಕ್ಕಳು. ಥೂ, ಇದನ್ನು ಎಷ್ಟು ಸಲ ಬರೆಯೋದು. ಅದು ಪಾಠದ ದುಡ್ಡಲ್ಲ, ದಾನಿಗಳದ್ದು, ಕ್ರೀಡಾ ವಿಭಾಗದ್ದು ಅನ್ನುತ್ತಾರೆ. ಆಗಲಿ. ಆ ದಾನಿಗಳಿಗೆ ಲೈಬ್ರರಿಯ ದಾರಿ ಯಾರೂ ತೋರಿಸಿಲ್ಲವಾ?

ಮುಂದೆ ಆಗಿದ್ದು ಇಷ್ಟು. ಫಿಶರ್‌ನನ್ನು ಕಳಿಸಿದ 2023ರ ಸೀಸನ್ 7 ಗೆಲುವು, 6 ಸೋಲಿಗೆ ಮುಗಿಯಿತು. ಹೊಸ ಕೋಚ್ ಮೈಕ್ ಎಲ್ಕೊ, ಹಿಂದೆ ಫಿಶರ್ ಕೈಕೆಳಗೇ ಇದ್ದವರು. ಕಾಂಟ್ರಾಕ್ಟನ್ನು 2031ರವರೆಗೆ ಎಳೆದಾಗ ಕ್ರೀಡಾ ನಿರ್ದೇಶಕರಾಗಿದ್ದ ರಾಸ್ ಬ್ಯೋರ್ಕ್ ಓಹಾಯೋ ಸ್ಟೇಟ್‌ಗೆ ಹೋದರು, ಇನ್ನೂ ದೊಡ್ಡ ಮನೆ. ಫಿಶರ್ 2025ರಿಂದ ಎಸಿಸಿ ನೆಟ್‌ವರ್ಕ್ ಟಿವಿಯಲ್ಲಿ ಕೂತು ಬೇರೆ ತಂಡಗಳ ತಪ್ಪು ತೋರಿಸುತ್ತಿದ್ದಾರೆ.

ಆ ಫಲಕ ಈಗ ಎಲ್ಲಿದೆಯೋ. ಸಿಕ್ಕರೆ ಖಾಲಿ ಜಾಗದಲ್ಲಿ 31 ಅಂತ ಕೆತ್ತಿಸಿಬಿಡಿ. ಕೊನೆಯ ಕಂತು ಆ ವರ್ಷ ತೀರುತ್ತದೆ.