ಭಾವನ ಲಾಸ್ಟ್ ಕಾಸ್ಟ್

ನನ್ನ ಎಡಗಾಲಿನ ಹೆಬ್ಬೆರಳಿಗೆ ಇನ್ನೂ ಪೂರ್ತಿ ಜೀವ ಬಂದಿಲ್ಲ. ಬಲಗಾಲು ಆರಾಮಾಗಿದೆ. ಒಂದೇ ಮೈಗೆ ಅಂಟಿಕೊಂಡ ಎರಡು ಕಾಲಿಗೆ ಎರಡು ಥರದ ಗತಿ ಹೇಗೆ ಬಂತು ಅಂತ ಕೇಳಬೇಕಿದ್ದರೆ ನನ್ನ ಭಾವನನ್ನು ಕೇಳಿ. ಮೊನ್ನೆ ಭಾನುವಾರ ನಾನು ಮೀನು ಹಿಡಿಯಲು ನೀರಿಗೆ ಇಳಿದದ್ದು ಅವರ ಹಳೇ ವೇಡರ್ಸ್ ಹಾಕಿಕೊಂಡು.

ವೇಡರ್ಸ್ ಅಂದರೆ ಎದೆವರೆಗೆ ಬರುವ, ಬೂಟೂ ಸೇರಿಕೊಂಡಿರುವ ನೀರು ನುಗ್ಗದ ಪ್ಯಾಂಟು. ನುಗ್ಗಬಾರದು ಅಂತ ಲೆಕ್ಕ. "ಎಡಗಾಲಲ್ಲಿ ಒಂದು ಸಣ್ಣ ತೂತಿದೆ, ಗೊತ್ತೂ ಆಗಲ್ಲ ಮಾರಾಯ" ಅಂದಿದ್ದರು ಭಾವ. ಏಪ್ರಿಲ್ ಮೊದಲ ವಾರ, ಇಂಗ್ಲೆಂಡು, ಪೂರ್ವದಿಂದ ಬೀಸುವ ಗಾಳಿ. ಚೆನ್ನಾಗಿಯೇ ಗೊತ್ತಾಯಿತು.

ಲೆಸ್ಟರಿನಲ್ಲಿರುವ ನಮ್ಮ ಮನೆಯಿಂದ ರಟ್ಲಂಡ್ ವಾಟರ್ ಮುಕ್ಕಾಲು ಗಂಟೆ ದಾರಿ. ಗ್ವಾಶ್ ಅನ್ನುವ ಪುಟ್ಟ ಹೊಳೆಗೆ ಅಡ್ಡ ಕಟ್ಟೆ ಕಟ್ಟಿ 1970ರ ದಶಕದಲ್ಲಿ ಮಾಡಿದ ದೊಡ್ಡ ಜಲಾಶಯ. ಅದರಲ್ಲಿ ಟ್ರೌಟ್ ಮೀನು ತಂದು ಬಿಡುತ್ತಾರೆ. ಅದನ್ನು ವಾಪಸ್ ಹಿಡಿಯಲು ನಾವು ದುಡ್ಡು ಕೊಡುತ್ತೇವೆ. ಹದಿಮೂರು ವರ್ಷ ತುಂಬಿದ ಯಾರೇ ಆಗಲಿ, ಗಾಳ ಹಿಡಿಯಬೇಕಾದರೆ ಸರ್ಕಾರದ ಲೈಸೆನ್ಸ್ ಬೇಕು. ಅದರ ಮೇಲೆ ದಿನದ ಟಿಕೆಟ್ ಬೇರೆ. ಮುಂಗಾರಿನ ಮೊದಲ ಮಳೆಗೆ ಗದ್ದೆ ಹತ್ತುವ ಮೀನನ್ನು ಕೂಣಿ ಇಟ್ಟು ಪುಕ್ಕಟೆ ಹಿಡಿದು ಬೆಳೆದ ಮಲೆನಾಡಿನ ಸಾಗರದ ಕಡೆಯವರು ನಾವು. ಟಿಕೆಟ್ ತೆಗೆದುಕೊಳ್ಳುವಾಗ ಕೈ ಸ್ವಲ್ಪ ನಡುಗುವುದು ಸಹಜ ಅಲ್ವಾ.

ಈ ಫ್ಲೈ ಫಿಶಿಂಗ್ ಅನ್ನುವುದು ಮೀನಿಗಿಂತ ಮನುಷ್ಯನನ್ನು ಆಟ ಆಡಿಸಲು ಕಂಡುಹಿಡಿದ ವಿದ್ಯೆ. ಊರಿನ ಗಾಳಕ್ಕೆ ಎರೆಹುಳ ಸಿಕ್ಕಿಸಿ, ಸೀಸದ ಗುಂಡು ಕಟ್ಟಿ ಎಸೆದರೆ ಗುಂಡಿನ ಭಾರಕ್ಕೆ ದಾರ ಹೋಗಿ ಬೀಳುತ್ತದೆ. ಇಲ್ಲಿ ಕೊಕ್ಕೆಗೆ ಒಂದು ಚೂರು ಗರಿ, ಒಂದೆಳೆ ಉಣ್ಣೆ ಸುತ್ತಿ ಹುಳ ಅಂತ ನಂಬಿಸಬೇಕು. ಅದಕ್ಕೆ ಭಾರವೇ ಇಲ್ಲ. ಭಾರ ಇರುವುದು ದಪ್ಪ ದಾರಕ್ಕೆ. ಆ ದಾರವನ್ನು ಮೊದಲು ತಲೆ ಮೇಲಿಂದ ಹಿಂದಕ್ಕೆ ಬೀಸಿ, ಅದು ಬೆನ್ನ ಹಿಂದೆ ಪೂರ್ತಿ ನೆಟ್ಟಗಾಗುವವರೆಗೆ ಕಾದು, ಆಮೇಲೆ ಮುಂದಕ್ಕೆ ಬೀಸಬೇಕು. ಇಂಥ ಒಂದು ಎಸೆತಕ್ಕೆ ಕಾಸ್ಟ್ ಅನ್ನುತ್ತಾರೆ. ಪೂರ್ವದ ಗಾಳಿಗೆ ಮೀನು ಕಚ್ಚುವುದಿಲ್ಲ ಅಂತ ಇಲ್ಲಿನ ಹಳಬರು ಹೇಳುತ್ತಾರೆ. ಮೀನಿನ ವಿಷಯ ಗೊತ್ತಿಲ್ಲ, ಕೊಕ್ಕೆಯಂತೂ ನನ್ನ ಕಿವಿಯನ್ನು ಕಚ್ಚಲು ಬಹಳ ಉತ್ಸಾಹ ತೋರಿಸಿತು.

ಮಧ್ಯಾಹ್ನದ ಹೊತ್ತಿಗೆ ಎಡಗಾಲಿನ ಬೂಟಿನಲ್ಲಿ ಸಣ್ಣದೊಂದು ಜಲಾಶಯ ತುಂಬಿತ್ತು. ನಾನು ದಡಕ್ಕೆ ಬಂದೆ. ಒಣ ಸಾಕ್ಸು ಕಾರಿನಲ್ಲಿತ್ತು. ಫ್ಲಾಸ್ಕಿನಲ್ಲಿ ಕಾಫಿ, ಅಕ್ಕ ಕಟ್ಟಿಕೊಟ್ಟ ಚಪಾತಿ ರೋಲು, ಎಲ್ಲವೂ ಕಾರಿನಲ್ಲಿ. ಕಾರಿನ ಕೀ ಮಾತ್ರ ಭಾವನ ವೇಡರ್ಸಿನ ಒಳಗಿನ ಜಿಪ್ ಜೇಬಿನಲ್ಲಿ. ಭಾವ ಸೊಂಟದ ಮಟ್ಟದ ನೀರಿನಲ್ಲಿ.

"ಭಾವ, ಹೊರಡೋಣ್ವಾ?"

"ಬಂದೆ ಬಂದೆ. ಇದೊಂದೇ. ಲಾಸ್ಟ್ ಕಾಸ್ಟ್."

ನಮ್ಮ ಕಡೆ ನೆಂಟರು ಹೊರಡುವುದು ನೋಡಿದ್ದೀರಲ್ಲ? "ಬರ್ತೀವಿ" ಅಂತ ಎದ್ದವರು ಬಾಗಿಲಲ್ಲಿ ಅರ್ಧ ಗಂಟೆ, ಅಂಗಳದಲ್ಲಿ ಅರ್ಧ ಗಂಟೆ, ಗೇಟಿನಲ್ಲಿ ಒಂದು ಗಂಟೆ. ಭಾವನ ಲಾಸ್ಟ್ ಕಾಸ್ಟ್ ಅದೇ ವಂಶದ್ದು. ಅದಕ್ಕೆ ಅವರದೇ ಕಾನೂನುಗಳಿವೆ. ಎಸೆತ ಸರಿಯಾಗಿ ಬೀಳಲಿಲ್ಲವೋ, ಅದು ಲೆಕ್ಕಕ್ಕಿಲ್ಲ, ಇನ್ನೊಂದು. ಸರಿಯಾಗಿ ಬಿತ್ತೋ, ಈಗ ತಾನೇ ಕೈ ಕೂತಿದೆ, ಇನ್ನೊಂದು. ದಾರ ಒಂಚೂರು ಅಲುಗಿದ ಹಾಗಾಯಿತೋ, ಮೀನು ಮುಟ್ಟಿ ನೋಡಿ ಹೋಗಿದೆ, ಈಗ ಬಿಟ್ಟು ಹೋದರೆ ಹೇಗೆ? ಏನೂ ಆಗಲಿಲ್ಲವೋ, ಕೊಕ್ಕೆಯದೇ ತಪ್ಪು. ಬದಲಾಯಿಸಬೇಕು. ಬದಲಾಯಿಸಿದ ಮೇಲೆ ಹೊಸ ಕೊಕ್ಕೆಗೂ ಒಂದು ಅವಕಾಶ ಕೊಡಬೇಡವೇ? ನ್ಯಾಯ ಅನ್ನುವುದು ಒಂದಿದೆಯಲ್ಲ. ದೂರದಲ್ಲಿ ಯಾರಿಗೋ ಮೀನು ಸಿಕ್ಕಿಬಿಟ್ಟರಂತೂ ಮುಗಿಯಿತು. "ನೋಡಿದ್ಯಾ? ಮೀನು ಈ ಕಡೆ ಬರ್ತಾ ಇದೆ!"

ಅದೂ ಬೇಸಿಗೆಯಾಗಿದ್ದರೆ ಒಂದೊಂದು ಎಸೆತ ಬೇಗ ಮುಗಿಯುತ್ತಿತ್ತೇನೋ. ಸೀಸನ್ನಿನ ಶುರುವಿನಲ್ಲಿ ನೀರು ಕೊರೆಯುತ್ತಿರುತ್ತದೆ, ಮೀನು ತಳ ಹಿಡಿದು ಸೋಮಾರಿಯಾಗಿ ಮಲಗಿರುತ್ತದೆ. ಕೊಕ್ಕೆ ಅಲ್ಲಿವರೆಗೆ ಮುಳುಗಬೇಕು. ಆಮೇಲೆ ದಾರವನ್ನು ಎಡಗೈ ಬೆರಳಿಗೆ ಸುತ್ತಿಕೊಳ್ಳುತ್ತಾ, ಕೆಸರಿನಿಂದ ಮೇಲೇಳುವ ಸೊಳ್ಳೆಮರಿಯ ವೇಗದಲ್ಲಿ ಎಳೆಯಬೇಕು. ಸೊಳ್ಳೆಮರಿಗೆ ಯಾವ ಅವಸರವೂ ಇರುವುದಿಲ್ಲ. ಅದರ ಬಾವಮೈದ ದಡದಲ್ಲಿ ಒದ್ದೆ ಸಾಕ್ಸಿನಲ್ಲಿ ನಿಂತಿರುವುದಿಲ್ಲ.

ಅಷ್ಟರಲ್ಲಿ ಆಸ್ಪ್ರೆ ಬಂತು. ಮೀನು ಹಿಡಿಯುವ ಗಿಡುಗ. 1996ರಲ್ಲಿ ಸ್ಕಾಟ್ಲೆಂಡಿನಿಂದ ಮರಿಗಳನ್ನು ತಂದು ಇಲ್ಲಿ ಬಿಟ್ಟರು, ಈಗ ಇಲ್ಲೇ ಸಂಸಾರ ಹೂಡಿವೆ. ಚಳಿಗಾಲ ಪಶ್ಚಿಮ ಆಫ್ರಿಕಾದಲ್ಲಿ ಕಳೆದು ವಸಂತಕ್ಕೆ ಸರಿಯಾಗಿ ವಾಪಸ್ ಬರುತ್ತವೆ. ಇದು ಮೇಲೊಂದು ಸುತ್ತು ಹಾಕಿತು, ಕಾಲು ಚಾಚಿ ಧುಮುಕಿತು, ಮೀನು ಎತ್ತಿಕೊಂಡು ಹೊರಟೇಹೋಯಿತು. ಲೈಸೆನ್ಸಿಲ್ಲ, ಟಿಕೆಟ್ಟಿಲ್ಲ. ಮುಖ್ಯವಾಗಿ, ಇನ್ನೊಂದು ಅನ್ನಲಿಲ್ಲ. "ಭಾವ, ನೋಡಿದ್ರಾ?" ಅಂದೆ. "ಹೌದು ಮಾರಾಯ, ಮೀನು ಇಲ್ಲೇ ಇದೆ ಅಂತಾಯ್ತಲ್ಲ!" ಅಂದರು.

ಕುಣಿದು ಕಾಲು ಬೆಚ್ಚಗೆ ಮಾಡಿಕೊಳ್ಳುವುದು ಎಷ್ಟು ಹೊತ್ತು? ಆಮೇಲೆ ಸುಮ್ನೆ ನೀರು ನೋಡುತ್ತಾ ನಿಂತೆ. ಈ ಜಲಾಶಯದ ಅಂಚಿನಲ್ಲಿ ನಾರ್ಮಂಟನ್ ಚರ್ಚ್ ಇದೆ. ನೀರು ಬರುತ್ತದೆ ಅಂತ ಅದರ ಕೆಳಗಿನ ಅರ್ಧಕ್ಕೆ ಕಲ್ಲು ಕಾಂಕ್ರೀಟು ತುಂಬಿ, ಮೇಲಿನ ಅರ್ಧ ಉಳಿಸಿಕೊಂಡರು. ನೆದರ್ ಹ್ಯಾಂಬಲ್ಟನ್ ಅನ್ನುವ ಹಳ್ಳಿಗೆ ಆ ಅದೃಷ್ಟ ಇರಲಿಲ್ಲ. ಅದು ಒಳಗೇ ಹೋಯಿತು. ಭಾವನ ಅಪ್ಪನ ಊರೂ ಹೀಗೆಯೇ. 1964ರಲ್ಲಿ ಲಿಂಗನಮಕ್ಕಿ ಆದಾಗ ಶರಾವತಿ ಹಿನ್ನೀರಿಗೆ ಸೇರಿತು. ಅದಕ್ಕೂ ಮುಂಚೆ ಕಟ್ಟಿದ್ದ ಮಡೆನೂರಿನ ಅಣೆಕಟ್ಟೇ ಅದರೊಳಗೆ ಮುಳುಗಿದ ಮೇಲೆ ಹೆಂಚಿನ ಮನೆ ಯಾವ ಲೆಕ್ಕ. ಬೇಸಿಗೆಯಲ್ಲಿ ನೀರು ತೀರಾ ಇಳಿದ ವರ್ಷ ಆ ಹಳೇ ಅಣೆಕಟ್ಟು ಮೇಲೆ ಕಾಣುತ್ತದೆ. ಆಗ ಭಾವನ ಅಜ್ಜಿ ಹಿನ್ನೀರಿನ ದಡದಲ್ಲಿ ನಿಂತು, ಬೆರಳು ತೋರಿಸಿ, ನಮ್ಮ ಕೊಟ್ಟಿಗೆ ಅಗೋ ಅಲ್ಲಿ ಅನ್ನುತ್ತಿದ್ದರಂತೆ. ಪ್ರತಿ ಸಲವೂ ಬೇರೆ ಬೇರೆ ಕಡೆಗೆ ತೋರಿಸುತ್ತಿದ್ದರಂತೆ. ಭಾವ ಇದನ್ನು ನಗುತ್ತಾ ಹೇಳುತ್ತಾರೆ. ನನಗೆ ಯಾಕೋ ಮೊನ್ನೆ ನಗು ಬರಲಿಲ್ಲ.

"ಬಿತ್ತು! ಬಿತ್ತು!"

ಗಾಳದ ಕೋಲು ಬಿಲ್ಲಾಗಿತ್ತು. ಭಾವ ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಬಲೆ ಹಿಡಿದು ಹಿಂದೆ ಹಿಂದೆ ಹೆಜ್ಜೆ ಇಡುತ್ತಾ ಬಂದರು. ಪಕ್ಕೆಯಲ್ಲಿ ತಿಳಿಗುಲಾಬಿ ಪಟ್ಟೆ ಇದ್ದ ರೇನ್‌ಬೋ ಟ್ರೌಟ್, ಎರಡು ಪೌಂಡ್ ತೂಗಬಹುದು. ನಾನೂ ಕಾಲು ಮರೆತು ಕೂಗಾಡಿದೆ ಅನ್ನುವುದನ್ನು ಮುಚ್ಚಿಡುವುದಿಲ್ಲ. ಮೀನನ್ನು ಚೀಲಕ್ಕೆ ಹಾಕಿ, ಬೆನ್ನು ತಟ್ಟಿ, "ಸರಿ ಭಾವ, ಇನ್ನು ಕೀ ಕೊಡಿ" ಅಂದೆ. ಅವರು ಆಗಲೇ ನೀರಿನ ಕಡೆ ತಿರುಗಿದ್ದರು. "ಒಂದು ಸಿಕ್ಕಿದೆ ಅಂದ್ರೆ ಜೋಡಿ ಇರ್ಲೇಬೇಕು."

ನಾವು ಮನೆ ಸೇರಿದಾಗ ಕತ್ತಲಾಗಿತ್ತು. ಅಕ್ಕ ಬಾಗಿಲು ತೆಗೆದು ಮೊದಲು ನನ್ನ ಕಾಲು ನೋಡಿದಳು, ಆಮೇಲೆ ಮೀನು, ಕೊನೆಗೆ ಗಂಡನ ಮುಖ. ಏನೂ ಹೇಳದೆ ಖಾರ ಅರೆಯಲು ಹೋದಳು. ಕಾವಲಿ ಮೇಲೆ ಮೀನು ಚರಪರ ಅನ್ನುವಾಗ ಭಾವ ಮೇಲಿನ ರೂಮಿನಲ್ಲಿ ಬರುವ ಭಾನುವಾರಕ್ಕೆ ಕೊಕ್ಕೆಗೆ ಗರಿ ಕಟ್ಟುತ್ತಾ ಕೂತಿದ್ದರು. "ಊಟಕ್ಕೆ ಬರ್ತೀರಾ?" ಅಂತ ಅಕ್ಕ ಕರೆದಳು.

"ಬಂದೆ, ಇದೊಂದೇ, ಲಾಸ್ಟು."

ನಾನೂ ಅಕ್ಕನೂ ಮುಖ ಮುಖ ನೋಡಿಕೊಂಡು ತಟ್ಟೆ ಎಳೆದುಕೊಂಡೆವು. ಬಿಸಿ ಮೀನು, ಬಿಸಿ ಅನ್ನ. ನಮ್ಮೂರ ಹೊಳೆ ಮೀನಿನ ರುಚಿ ಇಲ್ಲ, ಆದರೂ ಮುಳ್ಳು ಕಡಿಮೆ, ಬೇಗ ಬೇಗ ಖಾಲಿಯಾಗುತ್ತದೆ. ಭಾವನಿಗೆ ಬಾಲ ಎತ್ತಿಟ್ಟಿದ್ದೇವೆ.