ಸ್ಟ್ರಾಂಗಾ, ಮೈಲ್ಡಾ ಅನ್ನೋದನ್ನು ಬಿಟ್ಟು ಬಿಯರ್ ಬಗ್ಗೆ ಮಾತಾಡೋಣ

ನಮ್ಮ ಕಡೆ ವೈನ್ ಶಾಪಿನಲ್ಲಿ ಬಿಯರ್ ಕೇಳಿದರೆ ಬರುವ ಪ್ರಶ್ನೆ ಒಂದೇ. "ಸ್ಟ್ರಾಂಗಾ, ಮೈಲ್ಡಾ?" ಆಮೇಲೆ ಚಿಲ್ಡ್ ಇದೆಯಾ ಇಲ್ಲವಾ ಅನ್ನೋದು. ಅಲ್ಲಿಗೆ ಮಾತು ಮುಗಿಯಿತು. ನಮ್ಮ ದೇಶದಲ್ಲಿ ಖರ್ಚಾಗುವ ಬಿಯರಿನಲ್ಲಿ ಬಹುಪಾಲು ಸ್ಟ್ರಾಂಗೇ. ಕೊಟ್ಟ ದುಡ್ಡಿಗೆ ಎಷ್ಟು ಕಿಕ್ ಸಿಕ್ಕಿತು ಅನ್ನುವುದೇ ಲೆಕ್ಕ. ಬಿಯರನ್ನು ರುಚಿಗಾಗಿ ಕುಡಿಯುವ ನನಗೆ ಇದು ನಿಜಕ್ಕೂ ಬೇಸರ ತರುತ್ತದೆ. ಹೊರದೇಶಗಳಲ್ಲಿ ನಾನು ಕುಡಿದು ಮನಸ್ಸಿಗೆ ಹಿಡಿಸಿದ ಬಿಯರ್‌ಗಳಲ್ಲಿ ಹೆಚ್ಚಿನವು ನಮ್ಮ ಲೆಕ್ಕದಲ್ಲಿ ಮೈಲ್ಡೇ. ಅವುಗಳ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಸಮಯ ಇದ್ದರೆ ಓದಿ.

ಮೊದಲು ಪಿಲ್ಸ್ನರ್ ಉರ್ಕೆಲ್. ಚೆಕ್ ದೇಶದ ಪಿಲ್ಸೆನ್ ಊರಿನದು. ಆಲ್ಕೋಹಾಲ್ ಬರೀ ಶೇ. 4.4. ಲಾಗರ್ ಅಂದರೆ ತಣ್ಣಗೆ, ನಿಧಾನವಾಗಿ ಹುದುಗಿಸಿದ ಬಿಯರ್. ಇವತ್ತು ಪ್ರಪಂಚದ ತುಂಬಾ ಸಿಗುವ ಬಂಗಾರದ ಬಣ್ಣದ ಲಾಗರ್‌ಗಳೆಲ್ಲ ಇದರ ವಂಶದವೇ. ನಮ್ಮ ಕಿಂಗ್‌ಫಿಷರ್ ಕೂಡ. 1838ರಲ್ಲಿ ಆ ಊರಿನವರು ಕೆಟ್ಟುಹೋದ 36 ಪೀಪಾಯಿ ಬಿಯರನ್ನು ಪುರಭವನದ ಮುಂದೆ ತಂದು ಚೆಲ್ಲಿದರಂತೆ. ಬಿಯರ್ ಮಾಡುವ ಹಕ್ಕಿದ್ದ ಊರಿನ ಜನರೇ ಸೇರಿ ಹೊಸ ಬ್ರೂವರಿ ಕಟ್ಟಿಸಿದರು. ಬವೇರಿಯಾದಿಂದ ಯೋಸೆಫ್ ಗ್ರೋಲ್ ಎಂಬ ಬಿಯರ್ ಕಸುಬಿನವನನ್ನು ಕರೆಸಿದರು. 1842ರ ಅಕ್ಟೋಬರ್ 5ರಂದು ಅವನು ಅಲ್ಲಿ ಮೊದಲ ಸಲ ಬಿಯರ್ ಬೇಯಿಸಿದ.

ಆಗ ಸುತ್ತಮುತ್ತ ಸಿಗುತ್ತಿದ್ದ ಬಿಯರೆಲ್ಲ ಹೆಚ್ಚಾಗಿ ಕಂದು ಬಣ್ಣದ್ದು, ಮಬ್ಬು ಮಬ್ಬು. ಗ್ರೋಲ್ ಮಾಡಿದ್ದು ತಿಳಿಯಾದ, ಬಂಗಾರದ ಬಣ್ಣದ ಬಿಯರ್. ತಣ್ಣಗೆ, ನಿಧಾನವಾಗಿ ಹುದುಗಿಸುವ ಪದ್ಧತಿ ಬವೇರಿಯಾದ್ದು. ಮಾಲ್ಟ್ ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ. ಅದನ್ನು ಹೊಗೆ ತಾಗದ ಹಾಗೆ, ಬಣ್ಣ ಕೆಡದ ಹಾಗೆ ಒಣಗಿಸುವ ವಿದ್ಯೆ ಇಂಗ್ಲೆಂಡಿನದು. ಕಹಿ ಮತ್ತು ಪರಿಮಳಕ್ಕೆ ಹಾಕುವ ಹಾಪ್ಸ್ ಹೂವು ಹತ್ತಿರದ ಝಾಟೆಟ್ಸ್ ಸೀಮೆಯದು. ಇವೆಲ್ಲಕ್ಕಿಂತ ಮುಖ್ಯ ಪಿಲ್ಸೆನ್ನಿನ ನೀರು. ಅದರಲ್ಲಿ ಖನಿಜದ ಅಂಶ ತುಂಬಾ ಕಡಿಮೆ. ಗಡಸು ನೀರಾಗಿದ್ದರೆ ಅಷ್ಟು ಹಾಪ್ಸ್ ಹಾಕಿದಾಗ ಕಹಿ ನಾಲಿಗೆಗೆ ಚುಚ್ಚುತ್ತದೆ. ಇಲ್ಲಿ ಕಹಿ ಮೆತ್ತಗೆ ಬಂದು, ಮೆತ್ತಗೇ ಹೋಗುತ್ತದೆ.

ಆ ಬ್ರೂವರಿಯ ಕೆಳಗೆ ಸುಮಾರು 9 ಕಿಲೋಮೀಟರ್ ಉದ್ದದ ಸುರಂಗದಂಥ ನೆಲಮಾಳಿಗೆಗಳಿವೆ. ನೋಡಲು ಹೋದವರಿಗೆ ಅಲ್ಲೇ ಓಕ್ ಮರದ ಪೀಪಾಯಿಯಿಂದ, ಸೋಸದೆ ಇರುವ ಬಿಯರ್ ಕೊಡುತ್ತಾರೆ. ಬೇಸಿಗೆಯಲ್ಲೂ ಒಳಗೆ ಸ್ವೆಟರ್ ಬೇಕು. ಗೋಡೆ ಒದ್ದೆ. ಗ್ಲಾಸಿನಲ್ಲಿ ಬಿಯರ್ ಸ್ವಲ್ಪ ಮಬ್ಬಾಗಿರುತ್ತದೆ. ಬಾಟಲಿಯಲ್ಲಿ ಕುಡಿದಾಗ ಸಿಗದ ಒಂದು ದುಂಡನೆಯ ರುಚಿ ಅದಕ್ಕಿದೆ. ಅಲ್ಲಿ ನಿಂತು ಕುಡಿದ ಮೇಲೆ ನನಗೆ ಲಾಗರ್ ಅಂದರೆ ಇದೇ ಅನ್ನಿಸಿಬಿಟ್ಟಿದೆ.

ಚೆಕ್ ಜನ ಬಿಯರ್ ಸುರಿಯುವ ರೀತಿಯನ್ನೂ ನೋಡಬೇಕು. ಗ್ಲಾಸನ್ನು ತಣ್ಣೀರಿನಲ್ಲಿ ತೊಳೆದು, ನಲ್ಲಿಯ ಮೂತಿಯನ್ನು ಗ್ಲಾಸಿನ ಒಳಗಿಟ್ಟು ಮೊದಲು ನೊರೆ ಬಿಡುತ್ತಾರೆ. ಆಮೇಲೆ ಆ ನೊರೆಯ ಕೆಳಗಿನಿಂದ ಬಿಯರ್ ತುಂಬುತ್ತಾ ಬರುತ್ತದೆ. ಮೇಲೆ ಮೂರು ಬೆರಳು ದಪ್ಪದ, ಕೆನೆಯಂಥ ನೊರೆ. ಬಿಯರಿಗೆ ಗಾಳಿ ತಾಗದ ಹಾಗೆ ಕಾಯುವುದು ಈ ನೊರೆಯೇ. ನಮ್ಮಲ್ಲಿ ನೊರೆ ಕಂಡರೆ ವೇಟರ್ ಮೋಸ ಮಾಡಿದ ಅಂತ ಜಗಳಕ್ಕೇ ಹೋಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನೊರೆ ಬಿಯರಿನದ್ದೇ ಭಾಗ.

ಇನ್ನು ಬೆಲ್ಜಿಯಂ. ಈ ದೇಶದ ವಿಷಯ ಬಂದರೆ ನನಗೆ ಬೇಗ ಮುಗಿಸಲು ಆಗುವುದಿಲ್ಲ. 2016ರಲ್ಲಿ ಯುನೆಸ್ಕೊ ಬೆಲ್ಜಿಯಂನ ಬಿಯರ್ ಸಂಸ್ಕೃತಿಯನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿಯ ಬಿಯರ್‌ಗಳಲ್ಲಿ ನನ್ನ ಪಾಲಿಗೆ ಎಲ್ಲಕ್ಕಿಂತ ಮೇಲೆ ಇರುವುದು ಬ್ರಸೆಲ್ಸ್ ಸುತ್ತಮುತ್ತ ಮಾಡುವ ಲ್ಯಾಂಬಿಕ್.

ಲ್ಯಾಂಬಿಕ್‌ಗೆ ಹುದುಗು ಬರಿಸುವ ಯೀಸ್ಟನ್ನು ಹಾಕುವುದೇ ಇಲ್ಲ. ಈಚಲು ಮರಕ್ಕೆ ಕಟ್ಟಿದ ಮಡಕೆಗೆ ಯಾರೂ ಯೀಸ್ಟ್ ಹಾಕುವುದಿಲ್ಲ ಅಲ್ವಾ? ಗಾಳಿಯಲ್ಲಿ, ಮಡಕೆಯಲ್ಲಿ ಇದ್ದದ್ದೇ ಸಾಕು, ಹೆಂಡ ತಾನಾಗಿ ಹುಳಿ ಬರುತ್ತದೆ. ಲ್ಯಾಂಬಿಕ್ ಕೂಡ ಹಾಗೆಯೇ. ಬಾರ್ಲಿ ಮಾಲ್ಟಿನ ಜೊತೆ ಮೊಳಕೆ ಬರಿಸದ ಗೋಧಿ ಸೇರಿಸಿ ಬೇಯಿಸುತ್ತಾರೆ. ಆ ಬಿಸಿ ರಸವನ್ನು ಅಟ್ಟದ ಮೇಲಿರುವ ಅಗಲವಾದ, ಆಳವಿಲ್ಲದ ತೊಟ್ಟಿಗೆ ಬಿಟ್ಟು ರಾತ್ರಿಯಿಡೀ ತೆರೆದಿಡುತ್ತಾರೆ. ಊರಿನ ಗಾಳಿ, ಕಟ್ಟಡದ ಮರ, ಹಂಚು ಇವುಗಳಲ್ಲಿರುವ ಸೂಕ್ಷ್ಮಜೀವಿಗಳೇ ಬಂದು ಕೂರುತ್ತವೆ. ಸೆಕೆಗಾಲದಲ್ಲಿ ಬೇಡದ ಜೀವಿಗಳೂ ಸೇರಿಕೊಳ್ಳುತ್ತವೆ. ಹಾಗಾಗಿ ಚಳಿಯ ತಿಂಗಳುಗಳಲ್ಲಿ ಮಾತ್ರ ಬಿಯರ್ ಬೇಯಿಸುತ್ತಾರೆ.

ಬ್ರಸೆಲ್ಸ್ ಊರೊಳಗೇ ಕಾಂಟಿಯೋನ್ ಎಂಬ ಬ್ರೂವರಿ ಇದೆ. 1900ರಲ್ಲಿ ಶುರುವಾದದ್ದು. ಹೊರಗಿನಿಂದ ನೋಡಿದರೆ ಹಳೇ ಗೋಡೌನ್ ಅನ್ನಿಸುತ್ತದೆ. ಒಳಗೆ ಸಾಲು ಸಾಲು ಮರದ ಪೀಪಾಯಿ, ನಡುವೆ ಜೇಡರ ಬಲೆ. ಬಲೆಗಳನ್ನು ಯಾರೂ ಗುಡಿಸುವುದಿಲ್ಲ. ಪೀಪಾಯಿಯ ವಾಸನೆಗೆ ಬರುವ ಹಣ್ಣಿನ ನೊಣಗಳನ್ನು ಜೇಡಗಳೇ ನೋಡಿಕೊಳ್ಳುತ್ತವೆ, ಔಷಧಿ ಹೊಡೆಯುವ ಮಾತೇ ಇಲ್ಲ. ಅಟ್ಟದ ಮೇಲಿನ ತಾಮ್ರದ ತೊಟ್ಟಿಯ ಪಕ್ಕ ನಿಂತು ನೋಡಿದರೆ ಇಷ್ಟೇನಾ ಅನ್ನಿಸುತ್ತದೆ. ಒಂದು ತೊಟ್ಟಿ, ಮೇಲೆ ಹಂಚಿನ ಮಾಡು, ಅಷ್ಟೇ.

ಒಂದು ವರ್ಷದ್ದು, ಎರಡು ವರ್ಷದ್ದು, ಮೂರು ವರ್ಷದ್ದು ಹೀಗೆ ಬೇರೆ ಬೇರೆ ಪೀಪಾಯಿಯ ಲ್ಯಾಂಬಿಕ್ ಬೆರೆಸಿ ಬಾಟಲಿಗೆ ತುಂಬಿದರೆ ಅದು ಗ್ಯೂಜ್. ಎಳೆಯದರಲ್ಲಿ ಉಳಿದ ಸಕ್ಕರೆ ಬಾಟಲಿಯೊಳಗೆ ಮತ್ತೆ ಹುದುಗಿ ಗ್ಯಾಸ್ ಕೊಡುತ್ತದೆ. ಹಳೆಯದು ರುಚಿಗೆ ಆಳ ಕೊಡುತ್ತದೆ. ಬೆರೆಸುವವರ ನಾಲಿಗೆಯೇ ಇಲ್ಲಿ ಅಳತೆಗೋಲು. ಮೊದಲ ಗುಟುಕು ಕುಡಿದವರು ಕೆಟ್ಟುಹೋಗಿದೆ ಅನ್ನುತ್ತಾರೆ. ಅಷ್ಟು ಹುಳಿ. ಸ್ವಲ್ಪ ತಾಳಿ. ಹುಳಿಯ ಹಿಂದೆ ಒಣಹುಲ್ಲು, ನಿಂಬೆ ಸಿಪ್ಪೆ, ಹಳೇ ಮರದ ವಾಸನೆ ಒಂದೊಂದಾಗಿ ಬರುತ್ತವೆ. ಆಲ್ಕೋಹಾಲ್ ಶೇ. 5ರ ಆಸುಪಾಸು ಅಷ್ಟೇ. ಮೂರು ವರ್ಷ ಕಾದು ಮಾಡಿದ ಬಿಯರನ್ನು ಕಿಕ್ ಲೆಕ್ಕದಲ್ಲಿ ಅಳೆಯುವುದು ಹೇಗೆ ಹೇಳಿ.

ಬೆಲ್ಜಿಯಂನ ಸನ್ಯಾಸಿ ಮಠಗಳ ಬಿಯರ್ ಬಗ್ಗೆ ನೀವು ಕೇಳಿರಬಹುದು. ಹೆಚ್ಚು ಹೆಸರು ಮಾಡಿರುವುದು ವೆಸ್ಟ್‌ವ್ಲೆಟೆರೆನ್ 12. ಶೇ. 10ಕ್ಕೂ ಜಾಸ್ತಿ ಆಲ್ಕೋಹಾಲ್. ಒಳ್ಳೆಯ ಬಿಯರೇ. ಆದರೆ ನನ್ನ ಓಟು ಓರ್ವಾಲ್ ಮಠದ ಬಿಯರಿಗೆ. ಅಲ್ಲಿ ಬಾಟಲಿಗೆ ತುಂಬುವಾಗ ಬ್ರೆಟ್ ಎಂಬ ಇನ್ನೊಂದು ಜಾತಿಯ ಯೀಸ್ಟ್ ಸೇರಿಸುತ್ತಾರೆ. ಅದು ಬಾಟಲಿಯೊಳಗೆ ತಿಂಗಳುಗಟ್ಟಲೆ ಕೆಲಸ ಮಾಡುತ್ತಲೇ ಇರುತ್ತದೆ. ಹೊಸ ಓರ್ವಾಲ್‌ನಲ್ಲಿ ಹಾಪ್ಸ್ ಘಮ, ವರ್ಷ ಕಳೆದದ್ದರಲ್ಲಿ ಮಣ್ಣಿನ, ಚರ್ಮದ ವಾಸನೆ. ಎರಡನ್ನೂ ಪಕ್ಕ ಪಕ್ಕ ಇಟ್ಟು ಕುಡಿದರೆ ಒಂದೇ ಬಿಯರ್ ಅಂತ ನಂಬುವುದು ಕಷ್ಟ.

ಜರ್ಮನಿಯಲ್ಲಿ ನನ್ನ ಆಯ್ಕೆ ಗೋಧಿಯ ಬಿಯರ್, ವೈಸ್‌ಬಿಯರ್. ಬಾಳೆಹಣ್ಣು ಮತ್ತು ಲವಂಗದ ಪರಿಮಳ. ಎರಡನ್ನೂ ಹಾಕಿರುವುದಿಲ್ಲ, ಯೀಸ್ಟ್ ತಾನೇ ಅದನ್ನು ತಯಾರಿಸುತ್ತದೆ. ಇದರ ಹಿಂದೆ ಒಂದು ರಾಜಕೀಯವೂ ಇದೆ. ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಬಿಟ್ಟು ಬೇರೇನೂ ಹಾಕಬಾರದು ಅಂತ 1516ರಲ್ಲಿ ಬವೇರಿಯಾದ ದೊರೆಗಳು ಕಾನೂನು ತಂದರು. ಆದರೂ ಗೋಧಿ ಬಿಯರ್ ಮಾಡುವ ವಿಶೇಷ ಹಕ್ಕು ಒಂದು ಜಮೀನ್ದಾರಿ ಮನೆತನಕ್ಕಿತ್ತು. 1602ರಲ್ಲಿ ಆ ಮನೆತನ ಅಳಿದಾಗ ದೊರೆಯೇ ಹಕ್ಕನ್ನು ತನ್ನ ಕೈಗೆ ತೆಗೆದುಕೊಂಡು ಬೊಕ್ಕಸ ತುಂಬಿಸಿಕೊಂಡ. ಅಬಕಾರಿ ಆದಾಯದ ರುಚಿ ಸರ್ಕಾರಗಳಿಗೆ ಹತ್ತಿ ಶತಮಾನಗಳೇ ಆದವು.

ಐರ್ಲೆಂಡಿನ ಗಿನ್ನೆಸ್ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಕಪ್ಪಗಿದೆ, ಹಾಗಾಗಿ ಭಾರೀ ಸ್ಟ್ರಾಂಗ್ ಇರಬೇಕು ಅಂತ. ಪಬ್ಬಿನಲ್ಲಿ ಸಿಗುವ ಡ್ರಾಫ್ಟ್ ಗಿನ್ನೆಸ್ ಬರೀ ಶೇ. 4.2. ಕಪ್ಪು ಬಣ್ಣ ಮತ್ತು ಕಾಫಿಯಂಥ ಕಹಿ ಬರುವುದು ಹುರಿದ ಬಾರ್ಲಿಯಿಂದ. ರೇಷ್ಮೆಯಂಥ ನೊರೆ ನೈಟ್ರೋಜನ್ನಿನ ಕೆಲಸ. 1759ರಲ್ಲಿ ಆರ್ಥರ್ ಗಿನ್ನೆಸ್ ಡಬ್ಲಿನ್ನಿನ ಜಾಗವನ್ನು ವರ್ಷಕ್ಕೆ 45 ಪೌಂಡಿನಂತೆ 9000 ವರ್ಷಕ್ಕೆ ಗುತ್ತಿಗೆಗೆ ಹಿಡಿದ ಕಥೆ ಎಲ್ಲರಿಗೂ ಗೊತ್ತು. ನನಗೆ ಅದಕ್ಕಿಂತ ಹೆಚ್ಚು ಇಷ್ಟವಾದದ್ದು ವಿಲಿಯಂ ಗಾಸೆಟ್ ವಿಷಯ. ಸ್ಟ್ಯಾಟಿಸ್ಟಿಕ್ಸ್ ಓದಿದವರಿಗೆ ಟಿ-ಟೆಸ್ಟ್ ಗೊತ್ತಿರುತ್ತದೆ. ಅದನ್ನು ಕಂಡುಹಿಡಿದ ಗಾಸೆಟ್ ಗಿನ್ನೆಸ್ ನೌಕರ. ಬಾರ್ಲಿ, ಹಾಪ್ಸ್‌ಗಳ ಗುಣಮಟ್ಟವನ್ನು ಕೆಲವೇ ಮಾದರಿಗಳಿಂದ ಅಳೆಯುವುದು ಹೇಗೆ ಅನ್ನುವುದು ಅವನ ತಲೆನೋವು. 1908ರಲ್ಲಿ 'ಸ್ಟೂಡೆಂಟ್' ಎಂಬ ಹೆಸರಿನಲ್ಲಿ ಅದನ್ನು ಪ್ರಕಟಿಸಿದ. ಒಂದು ಗ್ಲಾಸ್ ಬಿಯರ್ ಚೆನ್ನಾಗಿರಲಿ ಅಂತ ಮಾಡಿದ ಲೆಕ್ಕ ಇವತ್ತು ಔಷಧಿಯ ಪ್ರಯೋಗಗಳಲ್ಲೂ ಬಳಕೆಯಲ್ಲಿದೆ.

ಐಪಿಎ, ಅಂದರೆ ಹಾಪ್ಸ್ ಜಾಸ್ತಿ ಇರುವ ಇಂಡಿಯಾ ಪೇಲ್ ಏಲ್ ಬಗ್ಗೆ ಯಾಕೆ ಬರೆದಿಲ್ಲ ಅಂತ ಕೆಲವರು ಕೇಳುತ್ತೀರಿ. ಹೆಸರಿನಲ್ಲೇ ಇಂಡಿಯಾ ಇದೆ ನಿಜ. ಆದರೆ ಯಾರು ಜಾಸ್ತಿ ಹಾಪ್ಸ್ ಹಾಕುತ್ತಾರೆ ಅನ್ನುವ ಪೈಪೋಟಿ ಅಮೆರಿಕದಲ್ಲಿ ಶುರುವಾದ ಮೇಲೆ ಬಂದ ಎಷ್ಟೋ ಐಪಿಎಗಳಲ್ಲಿ ನನಗೆ ಕಹಿ ಬಿಟ್ಟು ಬೇರೆ ರುಚಿ ಸಿಗುವುದಿಲ್ಲ.

ಇವನ್ನೆಲ್ಲ ಕುಡಿಯಲು ಯುರೋಪಿಗೇ ಹೋಗಬೇಕು ಅಂತೇನಿಲ್ಲ. ಬೆಂಗಳೂರಿನ ಮೈಕ್ರೋಬ್ರೂವರಿಗಳಲ್ಲಿ ಗೋಧಿ ಬಿಯರ್ ಚೆನ್ನಾಗಿಯೇ ಮಾಡುತ್ತಾರೆ. ಅಲ್ಲೇ ತಯಾರಾಗಿ ಅಲ್ಲೇ ಖರ್ಚಾಗುವುದರಿಂದ ತಾಜಾ ಇರುತ್ತದೆ. ಗ್ಲಾಸನ್ನು ಫ್ರೀಜರಿನಲ್ಲಿ ಇಟ್ಟು ತರಬೇಡಿ ಅಂತ ಹೇಳಿ. ಮೈ ಕೊರೆಯುವಷ್ಟು ತಣ್ಣಗಿದ್ದರೆ ನಾಲಿಗೆಗೆ ಏನೂ ಗೊತ್ತಾಗುವುದಿಲ್ಲ. ಬಾಟಲಿ ಕೊಳ್ಳುವವರು ತಯಾರಾದ ತಾರೀಖು ನೋಡಿ. ಲಾಗರ್ ಆದರೆ ಹೊಸದಾದಷ್ಟೂ ಒಳ್ಳೆಯದು. ಕ್ರೇಟುಗಳನ್ನು ಬಿಸಿಲಿಗೆ ಇಟ್ಟಿರುವ ಅಂಗಡಿಯಲ್ಲಿ ಹಸಿರು ಬಾಟಲಿಯ ಬಿಯರ್ ಬೇಡವೇ ಬೇಡ. ಬೆಳಕು ಬಿದ್ದರೆ ಹಾಪ್ಸ್ ಕೆಟ್ಟು ನಾರುತ್ತದೆ. ಕಂದು ಬಾಟಲಿ ಇದನ್ನು ಸಾಕಷ್ಟು ತಡೆಯುತ್ತದೆ, ಕ್ಯಾನ್ ಪೂರ್ತಿ ತಡೆಯುತ್ತದೆ.